ಗರ್ಭೋದಕದ ಬಣ್ಣವನ್ನು ಅಳೆದ ವೈದ್ಯ

ವೈದ್ಯನು ರೋಗಿಯ ನಾಡಿಯನ್ನು ಹಿಡಿಯುತ್ತಾನೆ, ನಾಲಗೆಯನ್ನು ನೋಡುತ್ತಾನೆ, ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ಮೈಯಲ್ಲಿ ರಕ್ತವೆಷ್ಟಿದೆಯೆಂದು ಅಂದಾಜು ಮಾಡುತ್ತಾನೆ. ಆದರೆ ರೋಗಿಯು ಇನ್ನೂ ಹುಟ್ಟದ ಶಿಶುವಾದರೆ? ಅದರ ನಾಡಿ ಕೈಗೆ ಸಿಕ್ಕದು; ರೆಪ್ಪೆ ಕಣ್ಣಿಗೆ ಕಾಣದು. ತಾಯಿಯ ಉದರದ ಮೇಲೆ ನಳಿಗೆಯನ್ನಿಟ್ಟು ಶಿಶುವಿನ ಎದೆಬಡಿತವನ್ನು ಆಲಿಸುವುದು, ಕೈಯಾಡಿಸಿ ತಲೆ ಯಾವ ಕಡೆಗಿದೆಯೆಂದು ತಿಳಿಯುವುದು, ಬಹುಕಾಲ ವೈದ್ಯವಿದ್ಯಾರ್ಥಿಗಳು ಶಿಶುವಿನ ವಿಷಯದಲ್ಲಿ ಕಲಿಯಬಹುದಾಗಿದ್ದುದು ಹೆಚ್ಚುಕಡಿಮೆ ಇಷ್ಟೆ. ತಾಯಿಯೊಡನೆ ಗರ್ಭಸ್ಥ ಶಿಶುವನ್ನೂ ರೋಗಿಯೆಂದೇ ಎಣಿಸುವ ಇಂದಿನ ವೈದ್ಯಶಾಖೆಗೆ ತಳಹದಿ ಹಾಕಿದವರಲ್ಲಿ ನ್ಯೂಜಿಲೆಂಡಿನ ವಿಲಿಯಂ ಲೈಲಿಯವರು ಪ್ರಮುಖರು. ಅವರ ಸಾಧನೆಯ ಮೊದಲ ಮೆಟ್ಟಿಲು ಬೆಳಕಿನ ಅಳತೆ. ಭೌತಶಾಸ್ತ್ರದ ಬೋಧಕರಾದ ನಾವು ವೈದ್ಯರ ಕಥೆಯನ್ನು ಹೇಳಹೊರಟುದಕ್ಕೆ ಅದೇ ನೆಪ.

ಲೈಲಿಯವರು 1929ರಲ್ಲಿ ಆಕ್ಲೆಂಡಿನಲ್ಲಿ ಜನಿಸಿದರು. ಒಟಾಗೊ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ಸಂಶೋಧನೆಯ ರುಚಿ ಹತ್ತಿತು. ಅಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಮುಂದೆ 1963ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಜಾನ್ ಎಕಲ್ಸ್. ನರವು ಸ್ನಾಯುವಿಗೆ ಆಜ್ಞೆಯನ್ನು ಮುಟ್ಟಿಸುವ ಬಗೆ ಹೇಗೆಂಬುದು ಆ ಗುರುಶಿಷ್ಯರ ಅಭ್ಯಾಸದ ವಿಷಯ. ಕ್ಯಾನ್‌ಬೆರಾದಲ್ಲಿಯೂ ಅದೇ ಕೆಲಸವನ್ನು ಮುಂದುವರಿಸಿದ ಲೈಲಿಯವರು, ಬಳಿಕ ಅದನ್ನು ಬಿಟ್ಟು ಆಕ್ಲೆಂಡಿನ ರಾಷ್ಟ್ರೀಯ ಸ್ತ್ರೀಯರ ಆಸ್ಪತ್ರೆಯನ್ನು ಸೇರಿದರು. ಮೇಲುನೋಟಕ್ಕೆ ಇದು ಕಲಿತುದನ್ನೆಲ್ಲ ಕೈಬಿಟ್ಟಂತೆ ತೋರುತ್ತದೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಕಣ್ಣಿಗೆ ನೇರವಾಗಿ ಕಾಣದೆಡೆಯಿಂದ ಬರುವ ಅತ್ಯಲ್ಪ ಸೂಚನೆಯನ್ನು ಅಳೆದು, ರೇಖಾಚಿತ್ರದಲ್ಲಿ ಗುರುತಿಸಿ, ಆಮೇಲೆ ಮಾತನಾಡುವ ಶಿಸ್ತು ಪ್ರಯೋಗಶಾಲೆಯಲ್ಲಿ ಬೆಳೆಯುವಂಥದು.

ಆಗ ಪ್ರಸೂತಿವೈದ್ಯರನ್ನು ಕಾಡುತ್ತಿದ್ದ ಒಂದು ವ್ಯಾಧಿ ರೀಸಸ್ ರೋಗ. ತಾಯಿಯ ರಕ್ತದಲ್ಲಿ ರೀಸಸ್ ಅಂಶವಿಲ್ಲದೆ ಶಿಶುವಿನ ರಕ್ತದಲ್ಲಿ ಅದಿದ್ದರೆ, ಹೆರಿಗೆಯ ವೇಳೆ ಶಿಶುವಿನ ಕೆಲವು ರಕ್ತಕಣಗಳು ತಾಯಿಯ ಮೈಯನ್ನು ಸೇರಬಹುದು. ತಾಯಿಯ ದೇಹವು ಅವನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಚೊಚ್ಚಲು ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಮುಂದಿನ ಬಸಿರಿನಲ್ಲಿ ಈ ಪ್ರತಿಕಾಯಗಳು ಮಾಸನ್ನು ದಾಟಿ ಶಿಶುವಿನ ಕೆಂಪು ಕಣಗಳನ್ನು ಒಡೆಯುತ್ತವೆ. ರಕ್ತಹೀನತೆ ಮಿತಿಮೀರಿದರೆ ಶಿಶು ನೀರುತುಂಬಿ ಊದಿಕೊಂಡು ಗರ್ಭದಲ್ಲಿಯೇ ಸಾಯುತ್ತದೆ. ರೋಗವಿದೆಯೆಂಬ ಗುಮಾನಿ ಬಂದರೆ ಅವಧಿಗೆ ಮುಂಚೆಯೇ ಹೆರಿಗೆ ಮಾಡಿಸಿ ಮಗುವಿನ ರಕ್ತವನ್ನು ಬದಲಾಯಿಸುತ್ತಿದ್ದರು. ಆದರೆ ಯಾವಾಗ? ತೀರ ಮುಂಚಿತವಾದರೆ ಎಳೆಯ ಶ್ವಾಸಕೋಶಗಳು ಕೆಲಸಮಾಡವು. ತಡವಾದರೆ ಮಗು ಉಳಿಯದು. ಊಹೆಯನ್ನು ನಂಬಿ ಒಂದು ಜೀವವನ್ನು ಪಣಕ್ಕೊಡ್ಡುವ ಸನ್ನಿವೇಶವದು.

ಒಡೆದ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಹುಟ್ಟುತ್ತದೆ. ಕಾಮಾಲೆಯಾದವರ ಕಣ್ಣಿಗೆ ಬಣ್ಣ ಕೊಡುವುದು ಇದೇ. ಶಿಶುವು ತೇಲುವ ಗರ್ಭೋದಕದಲ್ಲಿಯೂ ಇದು ಸೇರುತ್ತದೆಂಬುದನ್ನು ಮ್ಯಾಂಚೆಸ್ಟರಿನ ಬೆವಿಸ್ ಎಂಬ ವೈದ್ಯರು ಐವತ್ತರ ದಶಕದಲ್ಲಿ ತೋರಿಸಿದ್ದರು. ಲೈಲಿಯವರು ಅದನ್ನು ನಂಬತಕ್ಕ ಅಳತೆಯನ್ನಾಗಿ ಮಾಡಿದರು. ಸೂಜಿಯಿಂದ ಸ್ವಲ್ಪ ಗರ್ಭೋದಕವನ್ನು ತೆಗೆದು, ಅದರ ಮೂಲಕ ಒಂದೊಂದೇ ಬಣ್ಣದ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತೆಂದು ಗುರುತಿಸಬೇಕು. ಹೀರುವಿಕೆಯನ್ನು ಲಘುಗಣಕದ ಪ್ರಮಾಣದಲ್ಲಿ ಬರೆದರೆ, ಸಹಜವಾದ ಉದಕವು ಹೆಚ್ಚುಕಡಿಮೆ ಸರಳರೇಖೆಯನ್ನು ಕೊಡುತ್ತದೆ. ಬಿಲಿರುಬಿನ್ ಇದ್ದರೆ 450 ನ್ಯಾನೊಮೀಟರಿನ ಬಳಿ, ಅಂದರೆ ನೀಲಿಬೆಳಕಿನ ಸ್ಥಾನದಲ್ಲಿ, ರೇಖೆಯ ಮೇಲೊಂದು ದಿಬ್ಬವೇಳುತ್ತದೆ. ಹಳದಿ ವಸ್ತುವು ನೀಲಿಯನ್ನು ನುಂಗುವುದು ನಮ್ಮ ಪ್ರಥಮವರ್ಷದ ಹುಡುಗರೂ ಬಲ್ಲ ಸಂಗತಿ! ದಿಬ್ಬದ ಎತ್ತರವೇ ರೋಗದ ಅಳತೆ. ಬಸಿರಿನ ವಾರಗಳು ಸಂದಂತೆ ಸಹಜವಾಗಿಯೇ ಬಣ್ಣವು ಇಳಿಯುವುದರಿಂದ, ಒಂದೇ ಎತ್ತರಕ್ಕೆ ಬೇರೆಬೇರೆ ವಾರಗಳಲ್ಲಿ ಬೇರೆಬೇರೆ ಅರ್ಥವುಂಟು. ಆದಕಾರಣ ಲೈಲಿಯವರು ವಾರಗಳಿಗೆದುರಾಗಿ ಎತ್ತರವನ್ನು ಗುರುತಿಸಿ, ಇಳಿಜಾರಾದ ಮೂರು ವಲಯಗಳನ್ನು ವಿಂಗಡಿಸಿದರು. 101 ಬಸಿರುಗಳ ಅಭ್ಯಾಸವನ್ನಾಧರಿಸಿ 1961ರಲ್ಲಿ ಪ್ರಕಟವಾದ ಈ ನಕ್ಷೆಗೆ ಅವರ ಹೆಸರೇ ನಿಂತಿತು.

ಅತಿ ಮೇಲಿನ ವಲಯದ ಶಿಶುಗಳು ಅಪಾಯದಲ್ಲಿವೆಯೆಂಬುದು ಈಗ ಖಚಿತವಾಯಿತು. ಹೆರಿಗೆಗೆ ಇನ್ನೂ ಕಾಲ ಬಂದಿಲ್ಲದಿದ್ದರೆ ಮಾಡುವುದೇನು? ಗರ್ಭದೊಳಗೇ ರಕ್ತವನ್ನು ಕೊಡಲು ಲೈಲಿಯವರು ನಿಶ್ಚಯಿಸಿದರು. ಹೊಟ್ಟೆಯ ಪೊಳ್ಳಿನಲ್ಲಿ ಸುರಿದ ಕೆಂಪು ಕಣಗಳು ಒಡೆಯದೆ ರಕ್ತಪ್ರವಾಹವನ್ನು ಸೇರಬಲ್ಲವು. ಶಿಶುವಿನ ಹೊಟ್ಟೆಯನ್ನು ಕಾಣುವ ಉಪಾಯವೂ ಸೊಗಸಾದುದು: ಎಕ್ಸ್-ಕಿರಣಕ್ಕೆ ಅಪಾರಕವಾದ ದ್ರವವನ್ನು ಗರ್ಭೋದಕದಲ್ಲಿ ಬೆರೆಸಿದರೆ ಶಿಶುವು ಅದನ್ನು ತಾನೇ ಕುಡಿಯುತ್ತದೆ, ಅದರ ಕರುಳು ಚಿತ್ರದಲ್ಲಿ ಮೂಡುತ್ತದೆ. ಅದನ್ನು ಗುರಿಯಾಗಿಟ್ಟು ಸೂಜಿಯನ್ನಿಳಿಸಬೇಕು. ಮೊದಲ ಮೂರು ಪ್ರಯತ್ನಗಳಲ್ಲಿ ಶಿಶುಗಳು ಉಳಿಯಲಿಲ್ಲ. ನಾಲ್ಕನೆಯ ತಾಯಿಗೆ 1963ರ ಸೆಪ್ಟೆಂಬರಿನಲ್ಲಿ ಜೀವಂತ ಮಗು ಹುಟ್ಟಿತು. ಮೂರು ಸಾವುಗಳ ಬಳಿಕ ನಾಲ್ಕನೆಯ ಬಾರಿ ಸೂಜಿ ಹಿಡಿಯಲು ವೈದ್ಯನಿಗೂ, ಒಪ್ಪಿಗೆ ಕೊಡಲು ಆ ತಾಯಿಗೂ ಎಷ್ಟು ಎದೆಗಾರಿಕೆ ಬೇಕಾಗಿದ್ದಿರಬೇಕು!

1968ರಿಂದ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ತಾಯಿಯಲ್ಲಿ ಪ್ರತಿಕಾಯಗಳೇ ಹುಟ್ಟದಂತೆ ತಡೆದು ಈ ರೋಗವನ್ನು ಬಹಳಮಟ್ಟಿಗೆ ಕುಗ್ಗಿಸಿದೆ. ಉಳಿದ ಶಿಶುಗಳಿಗೆ ಶ್ರವಣಾತೀತ ಧ್ವನಿಯ ನೆರವಿನಿಂದ ಹೊಕ್ಕುಳಬಳ್ಳಿಯ ರಕ್ತನಾಳಕ್ಕೇ ರಕ್ತವನ್ನು ಕೊಡುತ್ತಾರೆ. ಲೈಲಿಯವರ ನಕ್ಷೆಯ ಸ್ಥಾನವನ್ನೂ, 2000ದಲ್ಲಿ ಪ್ರಕಟವಾದ ಅಭ್ಯಾಸವೊಂದರ ಬಳಿಕ, ಇನ್ನೊಂದು ಅಳತೆ ಆಕ್ರಮಿಸಿದೆ. ರಕ್ತಹೀನ ಶಿಶುವಿನ ರಕ್ತವು ತೆಳುವಾದುದರಿಂದ ಮೆದುಳಿನ ನಾಳದಲ್ಲಿ ವೇಗವಾಗಿ ಹರಿಯುತ್ತದೆ. ಡಾಪ್ಲರ್ ಪರಿಣಾಮದಿಂದ ಆ ವೇಗವನ್ನು ಸೂಜಿಯಿಲ್ಲದೆಯೇ ತಿಳಿಯಬಹುದು. ಈ ಶಾಖೆಯನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗೆ ಇಲ್ಲಿ ಮತ್ತೆ ನಮ್ಮ ಪಾಠ ತಪ್ಪಿದ್ದಲ್ಲ. ಧ್ವನಿಯ ಕಿರಣವು ನಾಳದ ನೇರಕ್ಕಿರಬೇಕು. ಓರೆಯಾದಷ್ಟೂ, ಕೋನದ ಕೊಸೈನ್ ಕುಗ್ಗುವ ಲೆಕ್ಕದಲ್ಲಿ, ವೇಗವು ಇದ್ದುದಕ್ಕಿಂತ ಕಡಿಮೆಯಾಗಿ ತೋರುತ್ತದೆ. ಆಗ ರಕ್ತ ಬೇಕಾಗಿರುವ ಶಿಶುವು ಆರೋಗ್ಯವಾಗಿರುವಂತೆ ಕಾಣುತ್ತದೆ.