ಎಂಟು ಟ್ರ್ಯಾಕ್, ಎರಡೇ ಬಾಯಿ

ನಮ್ಮ ನಿಡಸೋಸಿ, ಸಂಕೇಶ್ವರದ ಕಡೆ ಭಜನಿ ಮೇಳವಿಲ್ಲದ ಊರನ್ನು ಹುಡುಕಿಯೇ ನೋಡಬೇಕು. ಶ್ರಾವಣ ಬಂದಿತೆಂದರೆ ಗುಡಿಯ ಕಟ್ಟೆಯ ಮೇಲೆ ಪೇಟಿ ಬಿಚ್ಚಿಕೊಳ್ಳುತ್ತದೆ, ತಬಲಾ ಡಗ್ಗಾ ಶ್ರುತಿಗೆ ಬರುತ್ತವೆ. ಹಗಲೆಲ್ಲ ಕಬ್ಬಿನ ಹೊಲದಲ್ಲಿ ದುಡಿದವರು ಸರಿರಾತ್ರಿಯವರೆಗೆ ತತ್ವಪದ ಹಾಡುತ್ತಾರೆ. ನಮ್ಮ ಕಾಕಾ ಅಂಥ ಒಂದು ಮೇಳದಲ್ಲಿ ಮುಂದೆ ಕುಳಿತು ಪದ ಎತ್ತುವವರು. ಕಲಿತದ್ದು ನಾಲ್ಕನೆಯ ಇಯತ್ತೆ. ಬಾಯಲ್ಲಿದ್ದ ಪದಗಳು ಇನ್ನೂರಕ್ಕೆ ಕಡಿಮೆಯಿರಲಿಲ್ಲ.

ಅವರಿಗೆ ಎಪ್ಪತ್ತೆಂಟು ತುಂಬಿದ ವರ್ಷ, 2016ರಲ್ಲಿ, ಹಾಡುವಾಗ ದಮ್ಮು ಹತ್ತತೊಡಗಿತು. ಆಗ ನನಗೆ ಎಚ್ಚರವಾಯಿತು. ಪದದ ಸಾಹಿತ್ಯವನ್ನು ನೋಟಬುಕ್ಕಿನಲ್ಲಿ ಬರೆದುಕೊಳ್ಳಬಹುದು. ಧಾಟಿಯನ್ನು ಯಾವ ಬುಕ್ಕಿನಲ್ಲಿ ಬರೆಯುವುದು? ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ನಮ್ಮ ಗೋಕಾಕ ಸೀಮೆಯ ಬೆಟಗೇರಿ ಕೃಷ್ಣಶರ್ಮರೂ ಜನಪದ ಹಾಡುಗಳನ್ನು ಕಲೆಹಾಕಿದರು. ಆ ಹಿರಿಯರ ಪುಣ್ಯದಿಂದ ನುಡಿ ಉಳಿಯಿತು. ಆದರೆ ಕಾಗದದಲ್ಲಿ ಕೊರಳು ಮೂಡುವುದಿಲ್ಲ. ನಮ್ಮ ಕೈಯಲ್ಲಿ ಯಂತ್ರವಿದ್ದೂ ಸುಮ್ಮನಿದ್ದರೆ ಅದು ನಮ್ಮದೇ ತಪ್ಪು ಎನ್ನಿಸಿತು.

ಹೀಗೆ ನಾನು ಮಲ್ಟಿಟ್ರ್ಯಾಕ್ ರೆಕಾರ್ಡರ್ ಕೊಳ್ಳಲು ಹೊರಟೆ. ವಿಜ್ಞಾನದ ಮಾಸ್ತರನಾದ ನನಗೆ ಯಂತ್ರದ ವಿಷಯದಲ್ಲಿ ಮೋಸವಾಗದೆಂಬ ಧೈರ್ಯವಿತ್ತು. ಮೋಸ ಯಾರೂ ಮಾಡಲಿಲ್ಲ. ನಾನೇ ಹೋಗಿ ಬಿದ್ದೆ.

ಕೊಂಡದ್ದು ಒಂದು, ಬೇಕಾಗಿದ್ದದ್ದು ಇನ್ನೊಂದು

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಎಂಟು ಟ್ರ್ಯಾಕ್’ ಎಂದಿತ್ತು. ನಮ್ಮ ಮೇಳದಲ್ಲಿ ಇರುವವರು ಎಂಟು ಜನ. ಒಬ್ಬರಿಗೊಂದು ಟ್ರ್ಯಾಕ್, ಲೆಕ್ಕ ಸರಿಯಾಯಿತೆಂದು ತಂದುಬಿಟ್ಟೆ. ಮನೆಗೆ ಬಂದು ತಿರುಗಿಸಿ ನೋಡಿದರೆ ಮೈಕು ಚುಚ್ಚುವ ತೂತುಗಳು ಎರಡೇ ಎರಡು! ಎಂಟು ಟ್ರ್ಯಾಕ್ ನಿಜ. ಆದರೆ ಒಂದು ಸಲಕ್ಕೆ ತುಂಬಿಕೊಳ್ಳುವುದು ಎರಡನ್ನು ಮಾತ್ರ. ಎಂಟು ಕೋಣೆಗಳ ಮನೆಗೆ ಎರಡೇ ಬಾಗಿಲು ಇದ್ದಂತೆ.

ಇರಲಿ, ಮೊದಲು ಪೇಟಿ ಮತ್ತು ತಬಲಾ, ಆಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಕಾಕಾ ಹಾಡಲಿ, ಕೊನೆಗೆ ಹಿಮ್ಮೇಳ ಎಂದು ಯೋಜಿಸಿದೆ. ಸ್ಟುಡಿಯೋಗಳಲ್ಲಿ ಮಾಡುವುದು ಹೀಗೆಯೇ. ತಬಲಾ ಬಾರಿಸುವವರು ಮೊದಲ ನಿಮಿಷಕ್ಕೇ ಕೈ ತೆಗೆದರು. “ಸರ, ಕಾಕಾ ಎಲ್ಲಿ ಎಳೀತಾರ, ಎಲ್ಲಿ ನಿಲ್ಲತಾರ ಅನ್ನೂದು ಅವರ ಮಾರಿ ನೋಡಿ ಬಾರಸೂದ್ರಿ. ಅವರು ಹಾಡದನ ನಾ ಹೆಂಗ ಬಾರಸಲಿ?”

ಕಾಕಾ ಹೆಡ್‌ಫೋನು ಹಾಕಿಕೊಂಡು ಎರಡು ನುಡಿ ಹಾಡಿದರು, ತೆಗೆದು ಚಾಪೆಯ ಮೇಲಿಟ್ಟರು. “ತಮ್ಮಾ, ಕಿವಿ ಮುಚ್ಚಿಗೊಂಡು ಹಾಡಂದ್ರ ಹೆಂಗ ಹಾಡ್ಲೋ? ಹಿಂದ ಎತ್ತಿಕೊಳ್ಳಾಕ ಮಂದಿ ಬೇಕಲಾ.”

ಅವರು ಹೇಳಿದ್ದರಲ್ಲಿ ಈ ಯಂತ್ರಗಳ ಇತಿಹಾಸವೇ ಇದೆ ಎಂದು ನನಗೆ ಆಮೇಲೆ ತಿಳಿಯಿತು.

ಒಬ್ಬಂಟಿಗಾಗಿ ಹುಟ್ಟಿದ ಯಂತ್ರ

ನಮ್ಮ ದೇಶದಲ್ಲಿ ಗ್ರಾಮಫೋನು ತಟ್ಟೆಗಾಗಿ ಮೊದಲ ದೊಡ್ಡ ಧ್ವನಿಮುದ್ರಣ ನಡೆದದ್ದು 1902ರಲ್ಲಿ, ಕಲಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬವರು ಗೌಹರ್ ಜಾನ್ ಮೊದಲಾದವರ ಹಾಡನ್ನು ಹಿಡಿದರು. ಆಗ ಮೈಕೂ ಇಲ್ಲ, ಕರೆಂಟೂ ಇಲ್ಲ. ಒಂದೇ ತುತ್ತೂರಿ, ಅದರ ಮುಂದೆ ಎಲ್ಲರೂ ಕೂಡಬೇಕು. ಯಾರ ದನಿ ಹೆಚ್ಚು ಬೇಕೋ ಅವರು ಹತ್ತಿರ, ಉಳಿದವರು ದೂರ.

ದನಿಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಹಿಡಿದು ಆಮೇಲೆ ಕೂಡಿಸುವ ದಾರಿಯನ್ನು ಬೆಳೆಸಿದವರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಪ್ರಮುಖರು. ಆಂಪೆಕ್ಸ್ ಕಂಪನಿ ಅವರಿಗಾಗಿ ಮಾಡಿದ ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ಅವರ ಮನೆ ಸೇರಿತು. ಜನಸಾಮಾನ್ಯರ ಕೈಗೆ ಈ ವಿದ್ಯೆ ಬಂದದ್ದು 1979ರಲ್ಲಿ, ಜಪಾನಿನ ಟ್ಯಾಸ್ಕ್ಯಾಮ್ ಕಂಪನಿಯ ಪೋರ್ಟಾಸ್ಟುಡಿಯೋದಿಂದ. ಅದು ಓಡಿಸಿದ್ದು ನಾವೆಲ್ಲ ಬಳಸಿದ ಕ್ಯಾಸೆಟ್ಟನ್ನೇ. ಸಾಮಾನ್ಯ ಸ್ಟೀರಿಯೋ ಕ್ಯಾಸೆಟ್ಟಿನಲ್ಲಿ ಸುಮಾರು 3.8 ಮಿ.ಮೀ. ಅಗಲದ ಟೇಪಿನ ಮೇಲೆ ಒಂದು ಮಗ್ಗುಲಿಗೆ ಎರಡು, ಇನ್ನೊಂದು ಮಗ್ಗುಲಿಗೆ ಎರಡು, ಹೀಗೆ ನಾಲ್ಕು ಪಟ್ಟಿಗಳಿರುತ್ತವೆ. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ, ಎರಡು ಪಟ್ಟು ವೇಗದಲ್ಲಿ ಓಡಿಸಿತು. ಹೀಗಾಗಿ ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿಯುವುದು ಹದಿನೈದೇ ನಿಮಿಷ. ಆದರೆ ನಾಲ್ಕು ದನಿ ಬೇರೆ ಬೇರೆ! ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಹೊರತಂದ ‘ನೆಬ್ರಾಸ್ಕಾ’ದ ಹಾಡುಗಳನ್ನು ತಮ್ಮ ಮನೆಯಲ್ಲಿ ಇಂಥ ಯಂತ್ರದ ಮೇಲೆಯೇ ಹಿಡಿದದ್ದು.

ಗಮನಿಸಿ, ಅಲ್ಲಿ ಹಾಡಿದವರು ಒಬ್ಬರೇ. ಗಿಟಾರೂ ಅವರದೇ. ಒಬ್ಬನೇ ಮನುಷ್ಯ ಒಂದರ ಮೇಲೊಂದು ದನಿ ಪೇರಿಸುವುದಕ್ಕೆ ಎರಡು ಬಾಯಿ ಧಾರಾಳವಾಯಿತು. ನಮ್ಮ ಭಜನಿ ಹಾಗಲ್ಲ. ಒಬ್ಬರ ಮಾರಿ ಒಬ್ಬರು ನೋಡಿಯೇ ಹಾಡು ನಡೆಯಬೇಕು. ಕುಲಗೋಡ ತಮ್ಮಣ್ಣನ ಹೆಸರು ಹೇಳುವ ಶ್ರೀಕೃಷ್ಣ ಪಾರಿಜಾತವಿರಲಿ, ಗೀಗೀ ಮೇಳವಿರಲಿ, ಎಲ್ಲದರ ಕಥೆಯೂ ಇದೇ. ಇಲ್ಲಿ ಹಿಮ್ಮೇಳವನ್ನು ಆಮೇಲೆ ಹಚ್ಚಲು ಬರುವುದಿಲ್ಲ.

ಕೊಳ್ಳುವ ಮೊದಲು ಕೇಳಬೇಕಾದ್ದು

ಆದ್ದರಿಂದ ಅಂಗಡಿಯಲ್ಲಿ ‘ಎಷ್ಟು ಟ್ರ್ಯಾಕ್?’ ಎಂದು ಕೇಳಬೇಡಿ. ‘ಒಂದೇ ಸಲಕ್ಕೆ ಎಷ್ಟು ಮೈಕು ಬೇರೆ ಬೇರೆಯಾಗಿ ತುಂಬಿಕೊಳ್ಳುತ್ತದೆ?’ ಎಂದು ಕೇಳಿ. ಉದಾಹರಣೆಗೆ, ಟ್ಯಾಸ್ಕ್ಯಾಮ್‌ನ ಡಿಪಿ-008ಇಎಕ್ಸ್‌ಗೆ ಎಂಟು ಟ್ರ್ಯಾಕ್, ಒಂದು ಸಲಕ್ಕೆ ಎರಡು. ಅದೇ ಕಂಪನಿಯ ಡಿಪಿ-24ಎಸ್‌ಡಿಗೆ ಇಪ್ಪತ್ನಾಲ್ಕು ಟ್ರ್ಯಾಕ್, ಒಂದು ಸಲಕ್ಕೆ ಎಂಟು. ಝೂಮ್ ಕಂಪನಿಯ ಆರ್16ಕ್ಕೆ ಹದಿನಾರು ಟ್ರ್ಯಾಕ್, ಒಂದು ಸಲಕ್ಕೆ ಎಂಟು. ಕೈಯಲ್ಲಿ ಹಿಡಿಯುವಷ್ಟೇ ಇರುವ ಎಚ್6 ಒಟ್ಟಿಗೇ ಆರನ್ನು ಹಿಡಿಯುತ್ತದೆ. ಇವುಗಳಲ್ಲಿ ಕೆಲವು ಈಗ ಅಂಗಡಿಯಲ್ಲಿ ಹೊಸದಾಗಿ ಸಿಗಲಿಕ್ಕಿಲ್ಲ. ಲೆಕ್ಕ ಹೇಗೆ ನೋಡಬೇಕೆಂಬುದಕ್ಕೆ ಹೇಳಿದೆ, ಅಷ್ಟೆ. ಕೀಬೋರ್ಡ್ ಬಾರಿಸಿ ತಾನೇ ಹಾಡುವ ಹುಡುಗನಿಗೆ ಎರಡು ಬಾಯಿಯ ಯಂತ್ರವೇ ಸರಿ, ದುಡ್ಡೂ ಉಳಿಯುತ್ತದೆ. ಮೇಳಕ್ಕೆ ಮಾತ್ರ ಕನಿಷ್ಠ ಆರು ಬೇಕು.

ಎರಡನೆಯದು, ಕರೆಂಟು. ನಮ್ಮೂರುಗಳಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಹಾಡಿನ ನಡುವೆ ಯಂತ್ರ ಆರಿದರೆ ಫೈಲು ಸರಿಯಾಗಿ ಮುಚ್ಚಿಕೊಳ್ಳದೆ ಕೆಡಬಹುದು. ಬ್ಯಾಟರಿಯ ಮೇಲೂ ನಡೆಯುವ ಯಂತ್ರ ಒಳ್ಳೆಯದು. ಇನ್ನೊಂದು ಲಾಭವೂ ಉಂಟು. ಮನೆಯ ವಯರಿಂಗಿನಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಸೆಕೆಂಡಿಗೆ 50 ಸಲ ಕಂಪಿಸುವ ಕರೆಂಟಿನ ‘ಗುಂಯ್’ ಸದ್ದು ಮೈಕಿನ ದಾರಿಯಲ್ಲಿ ನುಸುಳುತ್ತದೆ. ಬ್ಯಾಟರಿಯಲ್ಲಿ ಬಹುಮಟ್ಟಿಗೆ ಆ ಕಾಟ ತಪ್ಪುತ್ತದೆ.

ಮೂರನೆಯದು, ಮೈಕು. ಕಂಡೆನ್ಸರ್ ಮೈಕುಗಳಿಗೆ ಯಂತ್ರದಿಂದಲೇ ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ ಹೋಗಬೇಕು. ಇದಕ್ಕೆ ಫ್ಯಾಂಟಮ್ ಪವರ್ ಎನ್ನುತ್ತಾರೆ. ಅದು ಎಲ್ಲ ಬಾಯಿಗಳಲ್ಲಿ ಇದೆಯೋ, ಎರಡರಲ್ಲಿ ಮಾತ್ರವೋ ಎಂದು ಕೇಳಿಕೊಳ್ಳಿ. ಗುಡಿಯ ಕಟ್ಟೆಗೆ ಸಾದಾ ಡೈನಾಮಿಕ್ ಮೈಕೇ ಗಟ್ಟಿ. ಅದಕ್ಕೆ ಈ ವಿದ್ಯುತ್ ಬೇಡ, ದೂರದ ಗದ್ದಲವನ್ನೂ ಅದು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಕಬ್ಬಿನ ಟ್ರ್ಯಾಕ್ಟರು ಟೇಪು ಹಚ್ಚಿಕೊಂಡು ಹಾದುಹೋಗುವ ನಮ್ಮಂಥ ಊರಿಗೆ ಇದು ಸಣ್ಣ ಮಾತಲ್ಲ.

ನಾಲ್ಕನೆಯದು, ಜಾಗ. ಒಂದು ಟ್ರ್ಯಾಕಿಗೆ ಸೆಕೆಂಡಿಗೆ 44,100 ಅಳತೆ, ಪ್ರತಿ ಅಳತೆಗೆ 24 ಬಿಟ್ ಅಂದರೆ 3 ಬೈಟ್. ಗುಣಿಸಿದರೆ ನಿಮಿಷಕ್ಕೆ ಸುಮಾರು 8 ಎಂಬಿ. ಆರು ಟ್ರ್ಯಾಕಿಗೆ ಗಂಟೆಗೆ ಸುಮಾರು 2.9 ಜಿಬಿ. 32 ಜಿಬಿಯ ಕಾರ್ಡಿನಲ್ಲಿ ಹತ್ತು ಗಂಟೆ ನಿಶ್ಚಿಂತೆ.

ಮನೆಯಲ್ಲಿ ಕಂಪ್ಯೂಟರ್ ಇದ್ದವರು ಹಲವು ಬಾಯಿಗಳ ಆಡಿಯೋ ಇಂಟರ್‌ಫೇಸ್ ಕೊಂಡು, ಪುಕ್ಕಟೆ ಸಿಗುವ ಸಾಫ್ಟ್‌ವೇರಿನಲ್ಲಿ ಇದೇ ಕೆಲಸ ಮಾಡಬಹುದು. ಆದರೆ ಗುಡಿಯ ಕಟ್ಟೆಗೆ ಕಂಪ್ಯೂಟರ್ ಹೊರುವುದಕ್ಕಿಂತ ಒಂದೇ ಪೆಟ್ಟಿಗೆ ಹಗುರ.

ಮೇಳವನ್ನು ಕೂಡಿಸುವುದು

ಮರುವರ್ಷ, 2017ರ ಶ್ರಾವಣದಲ್ಲಿ, ಬೆಳಗಾವಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಆರು ಬಾಯಿಯ ಯಂತ್ರ ತಂದುಕೊಟ್ಟ. ಎಲ್ಲರನ್ನೂ ಎಂದಿನಂತೆಯೇ ಕೂಡಿಸಿದೆವು. ಕಾಕಾಗೆ ಒಂದು ಮೈಕು, ಪೇಟಿಗೆ ಒಂದು, ತಬಲಾ ಡಗ್ಗಾಕ್ಕೆ ಒಂದು, ಹಿಮ್ಮೇಳಕ್ಕೆ ಒಂದು; ಒಟ್ಟು ಮೇಳದ ದನಿಗೆ ಎದುರಿನಲ್ಲಿ ಎರಡು. ತಾಳ, ದಮ್ಮಡಿಗಳಿಗೆ ಮೈಕು ಬೇಡವೇ ಬೇಡ. ಅವು ಎಲ್ಲಿ ಕುಳಿತರೂ ಎಲ್ಲ ಮೈಕಿಗೂ ಕೇಳಿಸುತ್ತವೆ, ಹಿಂದಕ್ಕೆ ಕಳಿಸಿದೆವು. ಗೈಸ್‌ಬರ್ಗ್‌ರ ತುತ್ತೂರಿಯ ಪಾಠ ಇನ್ನೂ ಹಳೆಯದಾಗಿಲ್ಲ!

ಮೈಕುಗಳ ನಡುವಿನ ಅಂತರಕ್ಕೂ ಒಂದು ಲೆಕ್ಕವಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಒಂದೇ ದನಿ ಎರಡು ಮೈಕುಗಳಿಗೆ 34 ಸೆಂ.ಮೀ. ಹೆಚ್ಚುಕಡಿಮೆಯಲ್ಲಿ ತಲುಪಿದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ತಡ. ಸೆಕೆಂಡಿಗೆ 500 ಸಲ ಕಂಪಿಸುವ ಸ್ವರಕ್ಕೆ ಅದು ಅರ್ಧ ಅಲೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಆ ಸ್ವರ ಸೊರಗುತ್ತದೆ. ಕಾಕಾನ ಮೈಕು ಬಾಯಿಂದ ಒಂದು ಅಡಿ ಇದ್ದರೆ ಪಕ್ಕದ ಮೈಕು ಅದರಿಂದ ಮೂರು ಅಡಿಯಾದರೂ ದೂರವಿರಲಿ. ಆಗ ಈ ದೋಷ ಕಿವಿಗೆ ಹತ್ತುವುದಿಲ್ಲ.

ದನಿಯ ಮಟ್ಟವನ್ನು ತುಸು ಕೆಳಗೇ ಇಡಿ. ಮೀಟರಿನ ಮುಳ್ಳು ಮೈನಸ್ 12ರ ಆಸುಪಾಸಿನಲ್ಲಿ ಆಡಲಿ. ಮಂದವಾದ ದನಿಯನ್ನು ಆಮೇಲೆ ಏರಿಸಬಹುದು. ಒಡೆದ ದನಿ ಒಡೆದ ಗಡಿಗೆಯಂತೆ, ಕೂಡುವುದಿಲ್ಲ. ಪ್ರತಿ ಪದಕ್ಕೆ ಮುಂಚೆ ಹಾಡುವವರ ಹೆಸರು, ಊರು, ದಿನಾಂಕವನ್ನು ಮೈಕಿಗೇ ಹೇಳಿ. ರಾತ್ರಿಯೇ ಎರಡು ಪ್ರತಿ ತೆಗೆದು ಬೇರೆ ಬೇರೆ ಮನೆಯಲ್ಲಿಡಿ.

ನಾಲ್ಕು ರಾತ್ರಿ ಹಾಡಿಸಿದೆವು. ಮೂವತ್ತೇಳು ಪದಗಳು ದಕ್ಕಿದವು. ಅಷ್ಟೇ. ಹಿಂದಿನ ವರ್ಷ ತಾರಕಕ್ಕೆ ಏರಿಸಿ ಹಾಡುತ್ತಿದ್ದ ಪದಗಳನ್ನು ಕಾಕಾ ಮುಟ್ಟಲೇ ಇಲ್ಲ. “ಅವು ಈಗ ನನ್ನ ಕಡೆ ಆಗೂದುಲ್ಲ, ತಮ್ಮಾ” ಎಂದರು. ತಪ್ಪು ಯಂತ್ರಕ್ಕೆ ನಾನು ತೆತ್ತದ್ದು ಅಂಗಡಿಯ ಬಿಲ್ಲಿನಲ್ಲಿ ಬರೆದ ದುಡ್ಡಲ್ಲ, ಆ ಒಂದು ವರ್ಷ.

ಕಾಕಾ 2019ರಲ್ಲಿ ತೀರಿಕೊಂಡರು. ಅವರ ಟ್ರ್ಯಾಕನ್ನು ಒಂದನ್ನೇ ಹಚ್ಚಿ ಕೇಳುತ್ತ ಕೂಡುವುದುಂಟು. ಎಷ್ಟೇ ದೂರ ಕೂಡಿಸಿದ್ದರೂ ಹಿಂದೆ ಸಣ್ಣಗೆ ತಾಳ ಕೇಳಿಸುತ್ತದೆ, ಹಿಮ್ಮೇಳದವರು ಎತ್ತಿಕೊಳ್ಳುವುದು ಕೇಳಿಸುತ್ತದೆ. ಹೀಗೆ ಒಂದು ಮೈಕಿನ ದನಿ ಇನ್ನೊಂದಕ್ಕೆ ಸೋರುವುದನ್ನು ತಂತ್ರಜ್ಞರು ದೋಷವೆನ್ನುತ್ತಾರೆ. ಅಳಿಸುವ ಸಾಫ್ಟ್‌ವೇರೂ ಇದೆ. ನಾನು ಅಳಿಸಿಲ್ಲ.

ನಿಮ್ಮ ಊರಲ್ಲಿಯೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಯಂತ್ರವನ್ನು ವಿಚಾರ ಮಾಡಿ, ನಾಲ್ಕು ಕಡೆ ಕೇಳಿ ಕೊಳ್ಳಿ. ಆದರೆ ಕೊಳ್ಳುವವರೆಗೆ ಕಾಯಬೇಡಿ. ಬರುವ ಸೋಮವಾರ ಭಜನಿಗೆ ಹೋಗುವಾಗ ಅವರ ಅನುಮತಿ ಕೇಳಿ, ಮೊಬೈಲನ್ನು ಮಡಿಸಿದ ಟವೆಲ್ಲಿನ ಮೇಲೆ ಅವರೆದುರು ಇಟ್ಟು ಗುಂಡಿ ಒತ್ತಿ. ಒಂದೇ ಟ್ರ್ಯಾಕ್ ಆದರೂ ಅದು ಈ ವರ್ಷದ್ದು.