ರೂಮಲ್ಲೇ ಗಿಟಾರ್ ರೆಕಾರ್ಡಿಂಗ್: ಮೈಕ್ ಯಾವುದು ಅಲ್ಲ, ಎಲ್ಲಿ?

ಗಿಟಾರ್ ರೆಕಾರ್ಡ್ ಮಾಡೋಣ ಅಂದ ಕೂಡ್ಲೇ ನಮ್ಮಲ್ಲಿ ಏಳೋ ಮೊದಲ ಪ್ರಶ್ನೆ, ಯಾವ ಮೈಕ್ ತಗೊಳ್ಳೋದು ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ್ದು, ಮೈಕ್ ಎಲ್ಲಿಡೋದು ಅಂತ. ಭಾವಗೀತೆಗೆ ನುಡಿಸಿದ ಗಿಟಾರ್ 'ಗುಂಯ್' ಅಂತ ತುಂಬಿಕೊಂಡ್ರೆ ಹಾಡಿನ ಮಾತೇ ಕೇಳಿಸಲ್ಲ. ಮಾತು ಕೇಳಿಸದೇ ಇದ್ರೆ ಭಾವಗೀತೆಯಲ್ಲಿ ಉಳಿಯೋದಾದ್ರೂ ಏನು?

ಈ ಗುಂಯ್ ಬರೋದು ಎರಡು ಕಡೆಯಿಂದ.

ಒಂದು, ಗಿಟಾರ್ ಒಳಗಿಂದ. ಖಾಲಿ ಬಾಟಲಿ ಬಾಯಿಗೆ ಊದಿದ್ರೆ ಸದ್ದು ಬರುತ್ತಲ್ಲ, ಗಿಟಾರ್ ಹೊಟ್ಟೆಯೊಳಗಿನ ಗಾಳಿಯೂ ಹಾಗೇ ಅನುರಣಿಸುತ್ತೆ. ಇದೇ ಹೆಲ್ಮ್‌ಹೋಲ್ಟ್ಸ್ ರೆಸೊನೆನ್ಸ್, ಸಾಮಾನ್ಯವಾಗಿ 100 ಹರ್ಟ್ಸ್ ಆಸುಪಾಸು. ಸೌಂಡ್‌ಹೋಲ್ ಎದುರಿಗೇ ಮೈಕ್ ಇಟ್ರೆ ಇದೇ ಜೋರಾಗಿ ಬೀಳುತ್ತೆ. ಕಾರ್ಡಿಯಾಯ್ಡ್ ಮೈಕ್ ತೀರಾ ಹತ್ತಿರ ಇದ್ರೆ ಬೇಸ್ ಇನ್ನಷ್ಟು ಉಬ್ಬುತ್ತೆ. ಹಾಗಾಗಿ 12ನೇ ಫ್ರೆಟ್ ಎದುರು, ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಇಟ್ಟು, ಮೈಕಿನ ಮುಖವನ್ನ ಕತ್ತು ಮತ್ತು ಬಾಡಿ ಸೇರೋ ಜಾಗಕ್ಕೆ ತಿರುಗಿಸೋಣ. ತಂತಿಯ ಸ್ಪಷ್ಟತೆ, ಮರದ ತುಂಬುದನಿ ಎರಡೂ ಹದವಾಗಿ ಸಿಗುತ್ತೆ.

ಇನ್ನೊಂದು, ರೂಮಿಂದ. ಎದುರುಬದುರು ಗೋಡೆಗಳ ನಡುವೆ 3.4 ಮೀಟರ್ ಇದೆ ಅಂದ್ಕೊಳ್ಳೋಣ. ಶಬ್ದದ ವೇಗವನ್ನ ಅದರ ಎರಡರಷ್ಟರಿಂದ ಭಾಗಿಸಿದ್ರೆ ಸುಮಾರು 50 ಹರ್ಟ್ಸ್. ಅದರ ದುಪ್ಪಟ್ಟು 100. ಗಿಟಾರ್ ಮತ್ತು ರೂಮು ಎರಡೂ ಒಂದೇ ಜಾಗದಲ್ಲಿ ಕೈಜೋಡಿಸಿದ ಹಾಗಾಯ್ತು! ಆ 100 ಹರ್ಟ್ಸ್ ಒತ್ತಡ ಗೋಡೆ ಹತ್ತಿರ ಮತ್ತು ನಟ್ಟನಡುವೆ ಹೆಚ್ಚು. ಅದಕ್ಕೇ ಮೂಲೆಯೂ ಬೇಡ, ಮಧ್ಯವೂ ಬೇಡ. ಒಂದು ಗೋಡೆಯಿಂದ ಮೂರನೇ ಒಂದು ಭಾಗ ದೂರದಲ್ಲಿ ಕೂತು ನೋಡೋಣ.

ರಗ್ಗು, ಹಾಸಿಗೆ ನೇತುಹಾಕಿದ್ರೆ ಸಾಲದಾ? ಬರಿಗೋಡೆಯ ಚುರುಕು ಪ್ರತಿಧ್ವನಿ ಅದರಿಂದ ಕಮ್ಮಿ ಆಗುತ್ತೆ, ಹಾಕಲೇಬೇಕು. ಆದ್ರೆ 100 ಹರ್ಟ್ಸ್ ಅಲೆಯ ಉದ್ದವೇ ಸುಮಾರು 3.4 ಮೀಟರ್. ತೆಳ್ಳಗಿನ ರಗ್ಗಿಗೆ ಅದು ಜಗ್ಗಲ್ಲ. ಬೇಸನ್ನ ಜಾಗ ಬದಲಾಯಿಸಿಯೇ ಹದಕ್ಕೆ ತರಬೇಕು.

ಇಷ್ಟಾದ ಮೇಲೆ ಉಳಿದದ್ದು ಸುಲಭ. ಫ್ಯಾನ್ ಆಫ್ ಮಾಡಿ, ಶ್ರುತಿ ಮಾಡ್ಕೊಂಡು, ಜೋರಾಗಿ ಮೀಟಿದಾಗಲೂ ಲೆವೆಲ್ ಮೈನಸ್ 6 ಡೆಸಿಬಲ್ ದಾಟದ ಹಾಗೆ ಗೇನ್ ಇಡೋಣ. ಒಮ್ಮೆ ಕ್ಲಿಪ್ ಆದ್ರೆ ಆ ಟೇಕ್ ಸರಿಹೋಗೋದು ಕಷ್ಟ. ಆಮೇಲೆ 70–80 ಹರ್ಟ್ಸ್ ಕೆಳಗಿನದನ್ನ ಹೈಪಾಸ್ ಫಿಲ್ಟರ್‌ನಿಂದ ಇಳಿಸಬಹುದು. ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 82 ಹರ್ಟ್ಸ್, ಅದಕ್ಕೆ ಅಷ್ಟೇನೂ ಪೆಟ್ಟಾಗಲ್ಲ.

ಮೈಕ್ ಇಲ್ವಾ? ಫೋನ್ ಇದೆಯಲ್ಲ. ಮೂರು ಜಾಗದಲ್ಲಿಟ್ಟು ಅದೇ ಸಾಲನ್ನ ಮೂರು ಸಲ ನುಡಿಸಿ ಹಾಡಿ, ಹೆಡ್‌ಫೋನ್‌ನಲ್ಲಿ ಕೇಳೋಣ. ಹಾಡು ಗೊತ್ತಿಲ್ಲದ ರೂಮ್‌ಮೇಟ್‌ಗೂ ಕೇಳಿಸೋಣ. ಅವನಿಗೆ ಎಲ್ಲಿ ಪದ ಪದವೂ ತಿಳೀತೋ, ಅದೇ ಸರಿಯಾದ ಜಾಗ.