ಹಳೆಯ ಎಂಜಿನು: ತೇಪೆಯೋ, ಪುನರ್ಜನ್ಮವೋ?

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ಉತ್ತರಪಾರಾದಲ್ಲಿ ನಿಂತುಹೋಯಿತು. ಆದರೂ ತಂದೆಯ ಕಾಲದ ಗಾಡಿಯನ್ನು ಮಾರಲೊಲ್ಲದ ಮನೆಗಳು ಇನ್ನೂ ಉಂಟು. ಅಂತಹ ಗಾಡಿಯ 1489 ಸಿ.ಸಿ. ಪೆಟ್ರೋಲ್ ಎಂಜಿನು ನೀಲಿ ಹೊಗೆ ಕಾರುತ್ತ ಏರಿನಲ್ಲಿ ಏದುಸಿರು ಬಿಡತೊಡಗಿದರೆ ಯಜಮಾನರಿಗೆ ಚಿಂತೆ ಹತ್ತುತ್ತದೆ: ಅಷ್ಟಿಷ್ಟು ರಿಪೇರಿ ಸಾಕೇ, ಪೂರ್ತಿ ಬಿಚ್ಚಿಸಬೇಕೇ?

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಮೊದಲು ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆಸಿರಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಲಿ. ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗು ಅಥವಾ ಸಿಲಿಂಡರಿನ ಗೋಡೆ. ಏರದಿದ್ದರೆ ವಾಲ್ವಿನ ಮೇಲೆ ಸಂಶಯ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಒತ್ತಡ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ವಾಲ್ವು, ಗ್ಯಾಸ್ಕೆಟ್‌ಗಳ ದೋಷವಷ್ಟೇ ಆದರೆ ಹೆಡ್ ಇಳಿಸಿ ಸರಿಪಡಿಸಿದರೆ ಸಾಕು. ಆದರೆ ಎಂಜಿನು ಕಾದಾಗ ಎಣ್ಣೆಯ ಒತ್ತಡ ಕುಸಿದು, ತಳದಿಂದ ಬಡಿತ ಕೇಳಿಸುವುದಾದರೆ ಬೇರಿಂಗುಗಳು ಸವೆದಿರುವ ಸಂಭವವೇ ಹೆಚ್ಚು. ಸಿಲಿಂಡರುಗಳೂ ದುಂಡಗಿನ ಆಕಾರ ಕಳೆದುಕೊಂಡಿದ್ದರೆ ಹೊಸ ರಿಂಗಿಗೆ ಕೊಟ್ಟ ಹಣ ನೀರುಪಾಲು. ಆಗ ಬೋರಿಂಗ್ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ ಕೂಡಿಸಿ, ಕ್ರ್ಯಾಂಕ್ ಶಾಫ್ಟ್ ಗ್ರೈಂಡಿಂಗ್ ಮಾಡಿಸಿ, ಹೊಸ ಬೇರಿಂಗ್ ಹಾಕಿಸುವುದೇ ಮಿತವ್ಯಯ.

ಹೆಂಚು ಒಡೆದ ಮನೆಗೆ ಹೆಂಚು ಹೊದಿಸಿದರಾಯಿತು. ತಳಪಾಯವೇ ಕುಸಿದಿರುವಾಗ ಹೆಂಚು ಹೊದಿಸಿ ಫಲವೇನು?